ಮೂಗು ಅದೇ, ಕೆಲಸ ಬೇರೆ

ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ನಾಯಿಯೊಂದರ ನೆನಪಿಗೆ ನಿಲ್ಲಿಸಿದ ಕಲ್ಲಿದೆ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕಿದ್ದು, ಕ್ರಿ.ಶ. 949ರ ಸುಮಾರಿನದು. ಕತೆ ಶಾಸನದಲ್ಲೇ ಇದೆ. ತಕ್ಕೋಲದಲ್ಲಿ ಚೋಳರ ಜೊತೆ ನಡೆದ ಕಾಳಗದಲ್ಲಿ ಮಣಲೇರ ಎಂಬ ವೀರ ಚೆನ್ನಾಗಿ ಕಾದಿದ. ಗಂಗರ ದೊರೆ ಬೂತುಗ ಮೆಚ್ಚಿ, ಬೇಕಾದ್ದು ಕೇಳು ಅಂದ. ಮಣಲೇರ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆಮೇಲೆ ಆ ಕಾಳಿಯನ್ನು ಒಂದು ಭಾರಿ ಕಾಡುಹಂದಿಯ ಮೇಲೆ ಬಿಟ್ಟರು. ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಕಲ್ಲು ನೆಟ್ಟು, ಅದರ ಪೂಜೆಗೆ ಅಂತ ಭೂಮಿ ಬಿಟ್ಟುಕೊಟ್ಟರು. ಆ ಕಲ್ಲಿಗೆ ಪೂಜೆ ಮಾಡದೆ ಉಂಡವನಿಗೆ ನಾಯಿ ಮಾಡಿದ ಪಾಪ ತಟ್ಟಲಿ ಎಂಬ ಶಾಪವೂ ಇದೆ. ಪಾಪ ಆ ನಾಯಿ, ಅದೇನು ಪಾಪ ಮಾಡಿತ್ತೋ!

ಇವತ್ತಿನ ಕಾನೂನು ಹಿಡಿದು ಆ ಕಲ್ಲನ್ನು ನೋಡಿದರೆ ನಗು ಬರುತ್ತದೆ. ಕಾಡುಹಂದಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿರುವ ಪ್ರಾಣಿ. ಮಣಲೇರ ಈಗ ಇದ್ದಿದ್ದರೆ ಒಂದನೇ ಆರೋಪಿ. ನಾಯಿ ಕೊಟ್ಟ ಬೂತುಗ ಎರಡನೇ ಆರೋಪಿ. ಕಾಳಿ ಜಪ್ತಿ ಮಾಲು.

ನಮ್ಮ ಕಡೆ ನಾಯಿಗೂ ಬೇಟೆಗೂ ಇರುವ ನಂಟು ಅಷ್ಟು ಹಳೆಯದು. ಅಜ್ಜಿಯ ಊರು ಕಾಡಂಚಿನದು. ಅಲ್ಲಿ ಚೆನ್ನಾಗಿ ಮೊಲ ಅಟ್ಟುವ ನಾಯಿಗೆ ಸರ್ಕಾರಿ ನೌಕರಿಯ ಮದುವೆ ಗಂಡಿಗಿದ್ದಷ್ಟೇ ಬೇಡಿಕೆ ಇತ್ತು. ಅದರ ಮರಿಗೆ ಮೊದಲೇ ಹೇಳಿಟ್ಟಿರುತ್ತಿದ್ದರು. ಆ ನಾಯಿಗಳನ್ನು ಯಾರೂ ಕೆಟ್ಟವು ಅನ್ನುತ್ತಿರಲಿಲ್ಲ. ಈಗ ಅದೇ ಜಾತಿಯ ಪ್ರಾಣಿ ಅರಣ್ಯ ಇಲಾಖೆಯ ಖಾಕಿ ಬಟ್ಟೆಯವರ ಪಕ್ಕದಲ್ಲಿ ನಡೆದುಕೊಂಡು ಬಂದು ಬೇಟೆಗಾರನ ಮನೆ ಬಾಗಿಲಲ್ಲಿ ಕೂರುತ್ತದೆ. ಪೇಪರಿನವರು ಅದನ್ನು ಹೀರೋ ಅಂತ ಬರೆಯುತ್ತಾರೆ. ನನಗೆ ಕುತೂಹಲ ಇರುವುದು ಇಲ್ಲೇ. ನಾಯಿಯ ಮಟ್ಟಿಗೆ ಏನೂ ಬದಲಾಗಿಲ್ಲ. ವಾಸನೆ ಹಿಡಿ, ಹೋಗು, ತೋರಿಸು, ಮೆಚ್ಚಿಗೆ ಪಡೆ. ಬದಲಾದದ್ದು ಪೂರ್ತಿ ನಮ್ಮ ಕಡೆಯಲ್ಲಿ.

ಕರ್ನಾಟಕದವರಿಗೆ ಈ ನಾಯಿಗಳ ಪರಿಚಯ ಆದದ್ದು ರಾಣಾನಿಂದ. ಬಂಡೀಪುರದ ಜರ್ಮನ್ ಶೆಫರ್ಡ್. ಕಳ್ಳಬೇಟೆಯವರ ಜಾಡು ಹಿಡಿದು ಹೆಸರು ಮಾಡಿದ ನಾಯಿ. 2019ರ ಅಕ್ಟೋಬರಿನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಚೌಡಹಳ್ಳಿ ಕಡೆ ಹುಲಿಯೊಂದು ಜನರನ್ನು ಕೊಂದಾಗ ಅದನ್ನು ಹುಡುಕುವ ಕಾರ್ಯಾಚರಣೆಗೂ ರಾಣಾನನ್ನು ಕರೆದುಕೊಂಡು ಹೋಗಿದ್ದರು. ಸಾಕಾನೆಗಳಿದ್ದವು, ಡ್ರೋನ್ ಇತ್ತು, ಸೋಲಿಗ ಟ್ರ್ಯಾಕರ್‌ಗಳಿದ್ದರು, ಜೊತೆಗೆ ಈ ನಾಯಿ. ಕೆಲವು ದಿನಗಳ ಹುಡುಕಾಟದ ಮೇಲೆ ಹುಲಿ ಜೀವಂತವಾಗಿ ಸಿಕ್ಕಿತು. ಅದನ್ನು ಮೈಸೂರಿನ ಕೂರ್ಗಳ್ಳಿಯ ಪುನರ್ವಸತಿ ಕೇಂದ್ರಕ್ಕೆ ಸಾಗಿಸಿದರು. ಕಳ್ಳರನ್ನು ಹಿಡಿಯಲೆಂದು ಪಳಗಿಸಿದ ನಾಯಿ ಹುಲಿಯ ಜಾಡಿನಲ್ಲಿ ನಡೆಯಿತು ಅಂದರೆ ಸಣ್ಣ ಮಾತಲ್ಲ. ಊರಿನ ನಾಯಿ ಹುಲಿ ವಾಸನೆ ಬಡಿದರೆ ಸಾಕು, ಬಾಲ ಮುದುರಿಕೊಂಡು ಹಟ್ಟಿ ಸೇರುತ್ತದೆ. ರಾಣಾ ಕೆಲವು ವರ್ಷಗಳ ಹಿಂದೆ ತೀರಿಕೊಂಡಿತು.

ಇಂಥ ನಾಯಿಗಳು ತಯಾರಾಗುವುದು ಹೇಗೆ? ವನ್ಯಜೀವಿಗಳ ಅಕ್ರಮ ವ್ಯಾಪಾರದ ಮೇಲೆ ಕಣ್ಣಿಡುವ ಟ್ರಾಫಿಕ್ ಎಂಬ ಸಂಸ್ಥೆ 2008ರಲ್ಲಿ ಭಾರತದಲ್ಲಿ ಈ ತರಬೇತಿ ಶುರು ಮಾಡಿತು. ಭೋಪಾಲದಲ್ಲಿ ಮಧ್ಯಪ್ರದೇಶದ ವಿಶೇಷ ಸಶಸ್ತ್ರ ಪಡೆಯ 23ನೇ ಬೆಟಾಲಿಯನ್ ಇದೆ, ಗ್ವಾಲಿಯರ್ ಹತ್ತಿರ ಟೇಕನ್‌ಪುರದಲ್ಲಿ ಗಡಿ ಕಾಯುವ ಬಿಎಸ್‌ಎಫ್‌ನವರ ನಾಯಿ ತರಬೇತಿ ಕೇಂದ್ರವಿದೆ, ಪಂಚಕುಲದ ಹತ್ತಿರ ಇಂಡೋ-ಟಿಬೆಟನ್ ಗಡಿ ಪೊಲೀಸರದ್ದಿದೆ. ಇಂಥ ಕಡೆಗಳಲ್ಲಿ ಏಳೆಂಟು ತಿಂಗಳು ಕಲಿಸುತ್ತಾರೆ. ಒಂದು ನಾಯಿಗೆ ಇಬ್ಬರು ಹ್ಯಾಂಡ್ಲರ್‌ಗಳು, ಅಂದರೆ ನಾಯಿಯನ್ನು ಹಿಡಿದು ನಡೆಸುವವರು. ಇಬ್ಬರೂ ಅರಣ್ಯ ಇಲಾಖೆಯವರೇ. ನಾಯಿ ಕಲಿಯುವಾಗಿನಿಂದಲೇ ಜೊತೆಗಿರುತ್ತಾರೆ. ನಮ್ಮ ಹಳ್ಳಿಯ ಹುಡುಗ ಗಾರ್ಡ್ ಆಗಿ ಸೇರಿ, ಇದ್ದಕ್ಕಿದ್ದಂತೆ ಒಂದು ಮರಿ ನಾಯಿಯ ಜೊತೆ ಭೋಪಾಲಕ್ಕೆ ಹೋಗಿ ಚಳಿಗಾಲ ಕಳೆಯುವುದನ್ನು ಯೋಚಿಸಿ ನೋಡಿ. ಮುದ್ದೆ ಇಲ್ಲ, ಕನ್ನಡ ಇಲ್ಲ. ಮಾತಾಡಲು ಸಿಗುವುದು ಆ ನಾಯಿ ಒಂದೇ. ಸ್ನೇಹ ಗಟ್ಟಿಯಾಗದೆ ಇನ್ನೇನು?

ಕಲಿಸುವ ಕ್ರಮ ಸರಳ. ಹುಲಿ ಮತ್ತು ಚಿರತೆಯ ಚರ್ಮ, ಮೂಳೆ, ಆನೆ ದಂತ, ಕರಡಿಯ ಪಿತ್ತ, ರಕ್ತಚಂದನ. ಇವುಗಳ ವಾಸನೆಗೂ ಆಟಕ್ಕೂ ಗಂಟು ಹಾಕುತ್ತಾರೆ, ಅಷ್ಟೇ. ಸಾಲಾಗಿ ಡಬ್ಬಿಗಳನ್ನಿಟ್ಟು ನಾಯಿಯನ್ನು ಬಿಡುವುದನ್ನು ಒಮ್ಮೆ ಹತ್ತಿರದಿಂದ ನೋಡಿದ್ದೇನೆ. ಮೊದಲ ಡಬ್ಬಿಯ ಬಳಿ ಮೂಗು ಒಡ್ಡಿತು, ದಾಟಿತು. ಎರಡನೆಯದನ್ನೂ ದಾಟಿತು. ಮೂರನೆಯದನ್ನು ದಾಟಿ ಅರ್ಧ ಹೆಜ್ಜೆ ಮುಂದೆ ಹೋದದ್ದು ಕತ್ತನ್ನು ಹಿಂದಕ್ಕೆ ಹೊರಳಿಸಿತು. ಬಾಲದ ಆಟ ನಿಂತಿತು. ಉಸಿರು ಚಿಕ್ಕಚಿಕ್ಕದಾಯಿತು, ಪುಸುಪುಸು ಸದ್ದು ನನಗೆ ಕೇಳುವಷ್ಟು. ಆಮೇಲೆ ಆ ಡಬ್ಬಿಯ ಎದುರು ಕುಕ್ಕರುಗಾಲಲ್ಲಿ ಕೂತು ಹ್ಯಾಂಡ್ಲರ್ ಮುಖ ನೋಡಿತು. ಬೊಗಳಲಿಲ್ಲ, ಕೆರೆಯಲಿಲ್ಲ. ಕೆರೆದರೆ ಸಾಕ್ಷ್ಯ ಹಾಳು, ಅದಕ್ಕೇ ಕೂರುವುದನ್ನು ಕಲಿಸಿರುತ್ತಾರೆ. ಹ್ಯಾಂಡ್ಲರ್ ಜೇಬಿನಿಂದ ಒಂದು ರಬ್ಬರ್ ಚೆಂಡು ಎಸೆದ. ಅಲ್ಲಿಯವರೆಗೂ ಪೊಲೀಸ್ ಅಧಿಕಾರಿಯಂತೆ ಗಂಭೀರವಾಗಿದ್ದ ನಾಯಿ ಮಗುವಿನ ಹಾಗೆ ಕುಣಿಯಿತು.

ಆ ಚೆಂಡೇ ಸಂಬಳ. ಡಬ್ಬಿಯಲ್ಲಿದ್ದದ್ದು ಹುಲಿ ಚರ್ಮ, ಅದರ ಹಿಂದೆ ಒಂದು ಸಾವಿದೆ, ಒಂದು ಅಪರಾಧ ಇದೆ ಅನ್ನುವುದೆಲ್ಲ ಅದಕ್ಕೆ ಬೇಕಿಲ್ಲ. ಆ ವಾಸನೆ ಸಿಕ್ಕರೆ ಚೆಂಡು ಬರುತ್ತದೆ.

ಮೂಗಿನ ವಿಚಾರ ಸ್ವಲ್ಪ ಹೇಳಬೇಕು. ನಮ್ಮ ಮೂಗಿನಲ್ಲಿ ವಾಸನೆ ಹಿಡಿಯುವ ಕೋಶಗಳು ಸುಮಾರು 50 ರಿಂದ 60 ಲಕ್ಷ. ನಾಯಿಯ ಮೂಗಿನಲ್ಲಿ 20 ರಿಂದ 30 ಕೋಟಿ. ಅದರ ಹೊಳ್ಳೆಗಳ ಪಕ್ಕದಲ್ಲಿ ಸೀಳು ಇದೆಯಲ್ಲ, ಬಿಟ್ಟ ಉಸಿರು ಆ ಪಕ್ಕದಿಂದ ಹೊರಗೆ ಹೋಗುತ್ತದೆ. ಹಾಗಾಗಿ ಎದುರಿಗಿರುವ ವಾಸನೆ ಚೆದುರುವುದಿಲ್ಲ. ನೆಲದ ಮೇಲೆ ಮನುಷ್ಯ ನಡೆದರೆ ಮೈಯಿಂದ ಕಾಣದಷ್ಟು ಸಣ್ಣ ಚರ್ಮದ ಚೂರುಗಳು ಉದುರುತ್ತವೆ, ಹುಲ್ಲು ಜಜ್ಜುತ್ತದೆ, ಮಣ್ಣು ಕದಲುತ್ತದೆ. ಇದೆಲ್ಲ ಸೇರಿ ಒಂದು ದಾರಿ ಆಗುತ್ತದೆ. ನಮಗೆ ಕಾಣದು, ನಾಯಿಗೆ ಕಾಣುತ್ತದೆ.

ಆದರೆ ಆ ದಾರಿ ಜಾಸ್ತಿ ಹೊತ್ತು ಉಳಿಯುವುದಿಲ್ಲ. ಇಬ್ಬನಿ ಬಿದ್ದ ಬೆಳಿಗ್ಗೆ, ತೇವದ ನೆಲ, ಗಾಳಿ ಇಲ್ಲದ ಹೊತ್ತು ಅಂದರೆ ಒಳ್ಳೆಯದು. ಮಾರ್ಚಿಯ ಮಧ್ಯಾಹ್ನ ಬಂಡೀಪುರದ ಆ ಒಣಕಾಡಿನಲ್ಲಿ ನೆಲ ಕಾದು ಬಾಣಲೆಯಾಗಿರುತ್ತದೆ. ನಾಯಿ ಮೈ ತಣಿಸಿಕೊಳ್ಳಲು ನಾಲಿಗೆ ಚಾಚಿ ಏದುಸಿರು ಬಿಡುತ್ತದೆ. ಬಾಯಿಂದ ಉಸಿರಾಡುವ ನಾಯಿ ಸರಿಯಾಗಿ ಮೂಸಲಾರದು. ಅದರ ಮೇಲೆ ಲಂಟಾನ. ಕಾಡಿನ ತುಂಬಾ ಹಬ್ಬಿರುವ ಈ ಮುಳ್ಳಿನ ಪೊದೆಯೊಳಗೆ ಹಗ್ಗ ಹಿಡಿದುಕೊಂಡು ನಾಯಿಯ ಹಿಂದೆ ನುಗ್ಗುವುದು ಮನುಷ್ಯರಿಗೆ ನರಕ. ಸಿನಿಮಾಗಳಲ್ಲಿ ನಾಯಿ ಮೂಸಿದ ಕೂಡಲೇ ಸರ್‍ರನೆ ಓಡಿ ಕಳ್ಳನ ಮೇಲೆ ಹಾರುತ್ತದೆ. ನಿಜದ ಕೆಲಸ ನಿಧಾನದ್ದು. ತುಂಬಾ ಸಲ ಜಾಡು ಡಾಂಬರು ರಸ್ತೆಯ ಅಂಚಿಗೆ ಬಂದು ನಿಲ್ಲುತ್ತದೆ. ನಾಯಿ ಅಲ್ಲೇ ಎರಡು ಸುತ್ತು ಹಾಕಿ ಹ್ಯಾಂಡ್ಲರ್ ಮುಖ ನೋಡುತ್ತದೆ. ಕಳ್ಳ ಅಲ್ಲಿಂದ ಬೈಕ್ ಹತ್ತಿದ್ದಾನೆ ಅಂತ ಅರ್ಥ. ಅಲ್ಲಿಂದ ಮುಂದಿನದು ಫೋನ್ ಕರೆಗಳ, ಮಾಹಿತಿದಾರರ, ಟೀ ಅಂಗಡಿಯ ಮಾತಿನ ಕೆಲಸ.

ಕಾಡಂಚಿನಲ್ಲಿ ಜಾಸ್ತಿ ಕೊಲ್ಲುವುದು ಬಂದೂಕಲ್ಲ, ಉರುಲು. ಬೈಕಿನ ಕ್ಲಚ್ ಕೇಬಲ್ ಸಾಕು. ಒಂದು ತುದಿಯಲ್ಲಿ ಕುಣಿಕೆ, ಇನ್ನೊಂದು ತುದಿ ಗಟ್ಟಿಯಾದ ಗೂಟಕ್ಕೆ. ಹಂದಿ ನುಗ್ಗುವ ಬೇಲಿಯ ಸಂದಿನಲ್ಲಿ ಮೊಣಕಾಲೆತ್ತರಕ್ಕೆ ಕಟ್ಟಿ, ಎರಡು ಕಡೆ ಸೊಪ್ಪು ಮುಚ್ಚಿ ಬಿಡುತ್ತಾರೆ. ಕೈಯಲ್ಲಿ ಹಿಡಿದು ನೋಡಿದರೆ ಏನೂ ಅನಿಸುವುದಿಲ್ಲ, ಒಂದು ಗ್ಯಾರೇಜಿನ ಕಸ. ಆದರೆ ಎಳೆದಷ್ಟೂ ಬಿಗಿಯುತ್ತದೆ, ಬಿಡುವುದಿಲ್ಲ. ಇಟ್ಟದ್ದು ಹಂದಿಗೆ, ಬೀಳುವುದು ಯಾವುದಾದರೂ ಸರಿ. ಜಿಂಕೆ, ಚಿರತೆ, ಹುಲಿ, ದನ, ಊರಿನದೇ ನಾಯಿ. ಇದರ ಜೊತೆಗೆ ಹಣ್ಣಿನೊಳಗೆ, ಹಿಟ್ಟಿನುಂಡೆಯೊಳಗೆ ಸಿಡಿಮದ್ದು ಇಡುವವರೂ ಇದ್ದಾರೆ. ಅದರ ವಿಷಯ ಬರೆಯಲು ಮನಸ್ಸಿಲ್ಲ.

ಉರುಲಿನ ಪ್ರಕರಣದಲ್ಲಿ ನಾಯಿ ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಕಟ್ಟಿದವನು ಆ ತಂತಿಯನ್ನು ಬರಿಗೈಯಲ್ಲಿ ಮುಟ್ಟಿರುತ್ತಾನೆ. ದಿನಾ ಬಂದು ನೋಡಿಕೊಂಡು ಹೋಗುತ್ತಾನೆ. ಮನೆ ಹತ್ತಿರದಲ್ಲೇ ಇರುತ್ತದೆ. ಜಾಡು ಹೊಸದಾಗಿದ್ದರೆ ನಾಯಿ ತೋಟ ದಾಟಿ, ಹಿತ್ತಲು ದಾಟಿ ಬಾಗಿಲಿಗೇ ಕರೆದುಕೊಂಡು ಹೋಗಬಹುದು. ಇಡೀ ಊರು ನಿಂತು ನೋಡುತ್ತಿರುತ್ತದೆ. ಯಾರ ಮನೆ ಮುಂದೆ ನಾಯಿ ನಿಲ್ಲುತ್ತದೋ ಅವನ ಮುಖ ಏನಾಗಬೇಡ!

ಇಲ್ಲಿಗೆ ನಾಯಿಯ ಕೆಲಸ ಮುಗಿಯಿತು. ನನ್ನ ಮಟ್ಟಿಗೆ ಕತೆ ಇಲ್ಲಿಂದ ಶುರು.

1969ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಮಹಾರಾಷ್ಟ್ರದ ಒಂದು ಪ್ರಕರಣ ಬಂತು. ರೈಲು ಹಳಿ ತಪ್ಪಿಸಿದ ಆರೋಪ. ಅಬ್ದುಲ್ ರಜಾಕ್ ಮುರ್ತಜಾ ದಫೇದಾರ್ ಪ್ರಕರಣ ಅಂತ ವಕೀಲರು ಈಗಲೂ ಹೇಳುತ್ತಾರೆ. ಅದರಲ್ಲಿ ಪೊಲೀಸ್ ನಾಯಿ ಜಾಡು ಹಿಡಿದು ಆರೋಪಿಯನ್ನು ತೋರಿಸಿತ್ತು. ನ್ಯಾಯಾಲಯ ಒಂದು ಮೂಲಭೂತ ತೊಡಕನ್ನು ಎತ್ತಿತು. ನಾಯಿ ಕಟಕಟೆಗೆ ಬಂದು ಪ್ರಮಾಣ ಮಾಡಲಾರದು. ಅದನ್ನು ಪಾಟೀ ಸವಾಲಿಗೆ ಒಡ್ಡಲಾಗದು. ಅದರ ಬದಲು ಅದನ್ನು ಹಿಡಿದವನು ಬಂದು ಹೇಳಬೇಕು, ಆಗ ಅದು ಬೇರೆಯವರಿಂದ ಕೇಳಿದ ಮಾತಾಗುತ್ತದೆ. ಒಬ್ಬ ಮನುಷ್ಯನ ಜೀವ ಮತ್ತು ಸ್ವಾತಂತ್ರ್ಯ ನಾಯಿಯ ಊಹೆಯ ಮೇಲೆ ನಿಲ್ಲಬಾರದು ಎಂಬ ಆಕ್ಷೇಪವನ್ನೂ ಅಲ್ಲಿ ಚರ್ಚಿಸಲಾಯಿತು. ಒಪ್ಪಿದರೂ ಇಂಥ ಸಾಕ್ಷ್ಯಕ್ಕೆ ಸಾಮಾನ್ಯವಾಗಿ ಹೆಚ್ಚು ತೂಕ ಇರುವುದಿಲ್ಲ ಅಂತ ಕೋರ್ಟ್ ಹೇಳಿತು.

ಮೊದಲು ಓದಿದಾಗ ನನಗೆ ಕೋಪ ಬಂದಿತ್ತು. ಅಷ್ಟು ಒಳ್ಳೆಯ ಮೂಗನ್ನು ನಂಬುವುದಿಲ್ಲವೇ ಅಂತ. ಈಗ ಕೋರ್ಟ್ ಹೇಳಿದ್ದೇ ಸರಿ ಅನಿಸುತ್ತದೆ. ನಾಯಿ ಹೇಳುವುದು ಒಂದೇ ಮಾತು: ಆ ವಾಸನೆ ಇಲ್ಲಿದೆ. ಈ ಮನುಷ್ಯ ಕಳ್ಳ ಅಂತ ಅದು ಹೇಳುವುದಿಲ್ಲ, ಹೇಳಲೂ ಆಗದು. ಸತ್ತ ಜಿಂಕೆಯನ್ನು ಮೊದಲು ನೋಡಿ ಹತ್ತಿರ ಹೋದ ದನಗಾಹಿಯ ಮನೆಗೂ ಅದು ಹೋದೀತು. ಅಲ್ಲಿಂದ ಮುಂದೆ ಮನುಷ್ಯರೇ ಹುಡುಕಬೇಕು. ಹಿತ್ತಲಲ್ಲಿ ಹೂತಿಟ್ಟ ಚರ್ಮ ಸಿಗಬೇಕು, ಅದೇ ತಂತಿಯ ಇನ್ನೊಂದು ತುಂಡು ಸಿಗಬೇಕು. ಪಂಚರ ಮುಂದೆ ಮಹಜರು ಬರೆಯಬೇಕು. ಮಾಂಸದ ಮಾದರಿಯನ್ನು ಸರಿಯಾಗಿ ಮೊಹರು ಮಾಡಿ ಹೈದರಾಬಾದಿನ ಲಾಕೋನ್ಸ್ ಪ್ರಯೋಗಾಲಯಕ್ಕೋ ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆಗೋ ಕಳಿಸಬೇಕು. ಅದು ಜಿಂಕೆಯದ್ದೋ ಕುರಿಯದ್ದೋ ಅಂತ ಡಿಎನ್‌ಎ ಹೇಳಬೇಕು. ಇದರಲ್ಲಿ ಒಂದು ಕೊಂಡಿ ಸಡಿಲಾದರೂ ಆರೋಪಿ ನಗುತ್ತಾ ಹೊರಗೆ ಬರುತ್ತಾನೆ. ಹುಲಿ, ಆನೆಯಂಥ ಮೊದಲ ಅನುಸೂಚಿಯ ಪ್ರಾಣಿ ಕೊಂದರೆ ವನ್ಯಜೀವಿ ಕಾಯ್ದೆಯಲ್ಲಿ 3 ರಿಂದ 7 ವರ್ಷ ಜೈಲು. ದಂಡದ ಕನಿಷ್ಠ ಮೊತ್ತವನ್ನು 2022ರ ತಿದ್ದುಪಡಿ 10 ಸಾವಿರದಿಂದ 25 ಸಾವಿರಕ್ಕೆ ಏರಿಸಿತು. ಕಾಗದದ ಮೇಲೆ ಕಠಿಣವೇ. ಆದರೆ ನಾಯಿ ಅರ್ಧ ಗಂಟೆಯಲ್ಲಿ ತೋರಿಸಿದ್ದನ್ನು ಮನುಷ್ಯರು ಸಾಬೀತು ಮಾಡಲು ವರ್ಷಗಟ್ಟಲೆ ಬೇಕು.

ಹೊರಗಿನ ಕತೆಗಳನ್ನು ಓದಿದರೂ ಇದೇ ಕಾಣುತ್ತದೆ. ದಕ್ಷಿಣ ಆಫ್ರಿಕಾದ ಕ್ರೂಗರ್ ಉದ್ಯಾನದಲ್ಲಿ ಕಿಲ್ಲರ್ ಎಂಬ ಬೆಲ್ಜಿಯನ್ ಮ್ಯಾಲಿನೋಯ್ ನಾಯಿ ನಾಲ್ಕು ವರ್ಷದಲ್ಲಿ 115 ಕಳ್ಳಬೇಟೆಗಾರರ ಬಂಧನಕ್ಕೆ ನೆರವಾಯಿತು. 2016ರಲ್ಲಿ ಪ್ರಾಣಿಗಳಿಗೆ ಚಿಕಿತ್ಸೆ ಕೊಡುವ ಬ್ರಿಟನ್ನಿನ ಪಿಡಿಎಸ್‌ಎ ಸಂಸ್ಥೆ ಅದಕ್ಕೆ ಚಿನ್ನದ ಪದಕ ಕೊಟ್ಟಿತು. ಆ ನಾಯಿ ಮತ್ತು ಅದರ ಹ್ಯಾಂಡ್ಲರನ್ನು ಹೆಲಿಕಾಪ್ಟರಿನಲ್ಲಿ ಕರೆದೊಯ್ದು ಜಾಡಿನ ಮೇಲೆ ಇಳಿಸುತ್ತಿದ್ದರು. ಈಗ ಅಲ್ಲಿ ಹಗ್ಗವೇ ಇಲ್ಲದೆ ಹಿಂಡು ಹಿಂಡಾಗಿ ಬೇಟೆನಾಯಿಗಳನ್ನು ಬಿಡುತ್ತಾರೆ. ಕತ್ತಿನಲ್ಲಿ ಜಿಪಿಎಸ್ ಪಟ್ಟಿ, ಮೇಲಿನಿಂದ ಹೆಲಿಕಾಪ್ಟರ್. ನಮ್ಮಲ್ಲೂ ಹಾಗೆ ಮಾಡಬಾರದೇಕೆ ಅಂತ ಕೇಳುವವರಿದ್ದಾರೆ. ಚಿರತೆಗೆ ನಾಯಿ ಅಂದರೆ ಎಷ್ಟು ಇಷ್ಟ ಅಂತ ನಮ್ಮ ಯಾವುದೇ ಹಳ್ಳಿಯಲ್ಲಿ ಕೇಳಿ ನೋಡಿ. ಹಗ್ಗ ಇಲ್ಲದ ನಾಯಿ ನಮ್ಮ ಕಾಡಿನಲ್ಲಿ ಸಂಜೆಯ ಊಟ. ಕ್ಯಾಂಪಿನಲ್ಲಿ ನಾಯಿ ಮಲಗುವ ಗೂಡಿಗೂ ಗಟ್ಟಿ ಜಾಲರಿ ಬೇಕು.

ಅಸ್ಸಾಮಿನ ಕಾಜಿರಂಗದ ಮಾದರಿ ನಮಗೆ ಹೆಚ್ಚು ಹತ್ತಿರದ್ದು. ಆರಣ್ಯಕ ಎಂಬ ಸಂಸ್ಥೆ ಖಡ್ಗಮೃಗ ಕಳ್ಳಬೇಟೆ ತಡೆಯಲು ಜೋರ್ಬಾ ಎಂಬ ಮ್ಯಾಲಿನೋಯ್ ನಾಯಿಯನ್ನು ತಂದಿತು. ಅದು ವರ್ಷಾನುಗಟ್ಟಲೆ ಅಲ್ಲಿ ಕೆಲಸ ಮಾಡಿ 2019ರಲ್ಲಿ ನಿವೃತ್ತಿಯಾಯಿತು. ಅದು ತೋರಿಸಿದ ಹಾದಿಯಲ್ಲಿ ಪೊಲೀಸರೂ ಅರಣ್ಯದವರೂ ಹೋಗಿ ಊರು, ಮನೆ, ಹೆಸರು ಪತ್ತೆ ಮಾಡಿದ್ದು. ಬಂದ ದಿಕ್ಕು ಯಾವುದು, ಹೋದ ದಿಕ್ಕು ಯಾವುದು ಅಂತ ಗೊತ್ತಾದರೇ ತನಿಖೆ ಅರ್ಧ ಮುಗಿದ ಹಾಗೆ.

ಮುಧೋಳ ನಾಯಿಯ ಪ್ರಸ್ತಾಪ ಬರದೆ ಕನ್ನಡದಲ್ಲಿ ನಾಯಿಯ ಬರಹ ಮುಗಿಯುವುದಿಲ್ಲ, ಅಲ್ವಾ? 2005ರಲ್ಲಿ ಅಂಚೆ ಚೀಟಿಯಲ್ಲಿ ಬಂತು. 2016ರಲ್ಲಿ ಸೇನೆಯವರು ಮರಿಗಳನ್ನು ಮೀರತ್ತಿಗೆ ಕರೆದೊಯ್ದು ತರಬೇತಿ ಕೊಟ್ಟರು. ಬಂಡೀಪುರಕ್ಕೂ ಈ ತಳಿ ತಂದು ಪಳಗಿಸಿದ್ದಾರೆ. ನನಗೂ ಅದರ ಮೇಲೆ ಅಭಿಮಾನ ಇದೆ. ಬಿಸಿಲು ತಡೆಯುತ್ತದೆ, ರೋಗ ಕಮ್ಮಿ, ಮೈಯಲ್ಲಿ ಒಂದು ತೊಲ ಕೊಬ್ಬಿಲ್ಲ. ಆದರೆ ಅದು ಮೂಲತಃ ಕಣ್ಣಿನಿಂದ ಬೇಟೆಯಾಡುವ ನಾಯಿ. ದೂರದಲ್ಲಿ ಮೊಲ ಕದಲಿದರೆ ಬಾಣದ ಹಾಗೆ ಹೋಗುವುದು ಅದರ ರಕ್ತದಲ್ಲಿದೆ. ಜಿಂಕೆಗಳು ಓಡಾಡುವ ಕಾಡಿನಲ್ಲಿ, ನೆಲಕ್ಕೆ ಮೂಗಿಟ್ಟು, ಪಕ್ಕದಲ್ಲಿ ಓಡಿದ ಜಿಂಕೆಯನ್ನು ನೋಡಿಯೂ ನೋಡದ ಹಾಗೆ ನಡೆ ಅಂದರೆ ಪಾಪ ಅದಕ್ಕೆ ಎಷ್ಟು ಕಷ್ಟ! ಕಲಿಸಿದರೆ ಕಲಿಯುತ್ತದೆ ಅನ್ನುವವರಿದ್ದಾರೆ, ಇರಲಿ. ಊರ ಅಭಿಮಾನಕ್ಕೆ ನಾಯಿ ಆರಿಸಬಾರದು ಅನ್ನುವುದಷ್ಟೇ ನನ್ನ ಮಾತು.

ಇನ್ನೊಂದು ವಿಷಯ ಯಾರೂ ಅಷ್ಟಾಗಿ ಹೇಳುವುದಿಲ್ಲ. ನಾಯಿ ಕಾಡಿಗೆ ರೋಗವನ್ನೂ ತರಬಲ್ಲದು. 2018ರಲ್ಲಿ ಗುಜರಾತಿನ ಗಿರ್ ಕಾಡಿನ ದಲ್ಖಾನಿಯಾ ವಲಯದಲ್ಲಿ ಕೆಲವೇ ವಾರಗಳಲ್ಲಿ 23 ಸಿಂಹಗಳು ಸತ್ತವು. ಸತ್ತವುಗಳಲ್ಲಿ ನಾಯಿಗಳಿಗೆ ಬರುವ ಡಿಸ್ಟೆಂಪರ್ ವೈರಸ್ ಸಿಕ್ಕಿತು. ಇಲಾಖೆಯ ನಾಯಿಗೆ ಲಸಿಕೆ ತಪ್ಪದು. ಕಾಡಂಚಿನ ಸಾವಿರಾರು ಊರ ನಾಯಿಗಳಿಗೆ ಹಾಕುವವರು ಯಾರು?

ನಿಜವಾಗಿ ನನ್ನನ್ನು ಕಾಡುವುದು ಹ್ಯಾಂಡ್ಲರ್ ವಿಚಾರ. ನಾಯಿ ಕಾಡಿನಲ್ಲಿ ಕೆಲಸ ಮಾಡುವುದು ಏಳೆಂಟು ವರ್ಷ. ಅಷ್ಟೂ ವರ್ಷ ಅದಕ್ಕೆ ಅದೇ ದನಿ, ಅದೇ ಕೈ, ಅದೇ ಚೆಂಡು ಬೇಕು. ಸರ್ಕಾರಿ ನೌಕರಿಯಲ್ಲಿ ವರ್ಗಾವಣೆ ಇದೆ, ಬಡ್ತಿ ಇದೆ, ಮಕ್ಕಳ ಸ್ಕೂಲು ಇದೆ. ಗಾರ್ಡ್ ಒಬ್ಬ ಬೇರೆ ವಲಯಕ್ಕೆ ಹೋದರೆ ನಾಯಿ ಹೊಸಬನ ಮಾತು ಕೇಳಬಹುದು, ಆದರೆ ಹೊಸಬನಿಗೆ ನಾಯಿಯ ಮಾತು ಬರುವುದಿಲ್ಲ. ಬಾಲ ನಿಂತದ್ದು ಯಾಕೆ, ಕಿವಿ ಈ ಕಡೆ ತಿರುಗಿದ್ದು ಯಾಕೆ, ಇದು ಚರ್ಮದ ವಾಸನೆಯೋ ಬರೀ ಕಾಡುಬೆಕ್ಕಿನದೋ. ಇದನ್ನೆಲ್ಲ ಓದಲು ವರ್ಷಗಳು ಬೇಕು. ಹ್ಯಾಂಡ್ಲರ್ ಇಲ್ಲದ ನಾಯಿ ಬರೀ ಒಂದು ಒಳ್ಳೆ ತಳಿಯ ನಾಯಿ. ಆ ಜೋಡಿಯನ್ನು ಒಡೆಯಬಾರದು ಅಂತ ನಿಯಮದಲ್ಲೇ ಬರೆದಿಟ್ಟು, ಆ ಗಾರ್ಡ್‌ಗೆ ಬಡ್ತಿಯಲ್ಲಿ ನಷ್ಟ ಆಗದ ಹಾಗೆ ನೋಡಿಕೊಂಡರೆ ಇನ್ನೊಂದು ಹೊಸ ನಾಯಿ ತರುವುದಕ್ಕಿಂತ ಲಾಭ.

ಮತ್ತೆ ವಾಚರ್‌ಗಳು. ಸೋಲಿಗರು, ಜೇನುಕುರುಬರು. ಕಳ್ಳಬೇಟೆ ತಡೆ ಕ್ಯಾಂಪುಗಳಲ್ಲಿ ರಾತ್ರಿ ಹಗಲು ಇರುವವರು. ನಾಯಿ ವಾಸನೆಯಲ್ಲಿ ಓದುವುದನ್ನು ಇವರು ಕಣ್ಣಲ್ಲಿ ಓದುತ್ತಾರೆ. ಮುರಿದ ಕಡ್ಡಿ, ಮಗುಚಿದ ಕಲ್ಲು, ಹುಲ್ಲಿನ ಮೇಲಿನ ಇಬ್ಬನಿ ಒರೆಸಿಹೋದ ಗೆರೆ. ಇವರ ಅಜ್ಜಂದಿರು ಕಾಡಿನಲ್ಲಿ ಬೇಟೆಯಾಡಿ ಬದುಕಿದವರು, ಕಾನೂನು ಬಂದ ಮೇಲೆ ಅದು ಅಪರಾಧವಾಯಿತು. ಈಗ ಅದೇ ವಿದ್ಯೆ ಇಟ್ಟುಕೊಂಡು ಮೊಮ್ಮಗ ಕಾಡು ಕಾಯುತ್ತಾನೆ. ಇವರಲ್ಲಿ ಬಹಳ ಮಂದಿ ದಿನಗೂಲಿ, ಇಲ್ಲ ಗುತ್ತಿಗೆ. ನಾಯಿಯ ಫೋಟೊದಲ್ಲಿ ಹಿಂದೆ ಮಸುಕಾಗಿ ಒಬ್ಬ ನಿಂತಿರುತ್ತಾನಲ್ಲ, ಎಷ್ಟೋ ಸಲ ಜಾಡು ಮೊದಲು ಕಂಡದ್ದು ಅವನಿಗೇ.

ಒಂದು ಕ್ಯಾಂಪಿನಲ್ಲಿ ಟೀ ಕುಡಿಯುತ್ತಾ ಹಾಗೇ ಸುಮ್ನೆ ಕೇಳಿದೆ. ನಾಯಿ ಬಂದಮೇಲೆ ಕೆಲಸ ಹಗುರ ಆಯ್ತಾ ಅಂತ. ಐವತ್ತು ದಾಟಿದ ವಾಚರ್ ಬೀಡಿ ಆರಿಸಿ ಕಿವಿಯ ಹಿಂದೆ ಸಿಕ್ಕಿಸಿಕೊಂಡರು.

"ಒಳ್ಳೇದೇ ಆಯ್ತು ಬುಡಿ ಸಾ. ಮೊದ್ಲು ನಾನು ಈ ಕಡೀಕೆ ಹೋಗವ್ರೆ ಅಂದ್ರೆ ಸಾಯೇಬ್ರು ನಿಂಗೆಂಗೊತ್ತು ಅನ್ನೋರು. ಈಗ ನಾಯಿನೂ ಅದೇ ಕಡೀಕೆ ಹೋಯ್ತದಲ್ಲ, ಏನೂ ಕೇಳಕಿಲ್ಲ."